ನಮ್ಮ ‘ಇಲ್ಲ’ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಯೋಜನೆ ಬರೆಯುವ ಹಿರಿಯ ಅಧಿಕಾರಿಗಳಿಗೆ, ಪಂಚಾಯಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ, ಮತ್ತು ಈ ಗ್ರಂಥಾಲಯಗಳಿಗೆ ಬರುವ, ಬಾರದಿರುವ ಓದುಗರಿಗೆ,

ನಮಸ್ಕಾರ.

ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯದ ಬೀಗ ತೆಗೆಯುವವಳು ನಾನು. ಕಾಗದದ ಮೇಲೆ ನನ್ನ ಹುದ್ದೆಗೆ ‘ಮೇಲ್ವಿಚಾರಕಿ’ ಅಂತ ಹೆಸರು. ಮೇಲೆ ನಿಂತು ವಿಚಾರಿಸೋಣ ಅಂದರೆ ನನ್ನ ಕೆಳಗೆ ಯಾರೂ ಇಲ್ಲ. ಕಸ ಗುಡಿಸುವುದು, ಪೇಪರ್ ಜೋಡಿಸುವುದು, ರಿಜಿಸ್ಟರ್ ಬರೆಯುವುದು, ಕೇರಂ ಬೋರ್ಡಿನ ಮೇಲೆ ಮಕ್ಕಳು ಮಾಡುವ ಜಗಳ ಬಿಡಿಸುವುದು ಎಲ್ಲವೂ ನನ್ನದೇ. ಮಕ್ಕಳು ‘ಲೈಬ್ರರಿ ಅಕ್ಕ’ ಅನ್ನುತ್ತಾರೆ. ಹುದ್ದೆಯ ಹೆಸರಿಗಿಂತ ಅದೇ ಹೆಚ್ಚು ಸರಿ.

ನನ್ನ ಮೇಜಿನ ಖಾನೆಯಲ್ಲಿ ಐದು ರಿಜಿಸ್ಟರ್ ಇವೆ. ಬಂದ ಪುಸ್ತಕಗಳದ್ದು, ಸದಸ್ಯರದ್ದು, ಎರವಲು ಕೊಟ್ಟದ್ದು, ಓದುಗರು ಸಹಿ ಹಾಕುವುದು, ಪತ್ರಿಕೆಗಳದ್ದು. ತಪಾಸಣೆಗೆ ಬಂದವರು ಈ ಐದನ್ನೂ ನೋಡುತ್ತಾರೆ, ಕೊನೆಯ ಪುಟದಲ್ಲಿ ಷರಾ ಬರೆದು ಸಹಿ ಮಾಡುತ್ತಾರೆ. ಆರನೆಯದು ಒಂದಿದೆ. ಅದನ್ನು ಯಾರೂ ಕೇಳಿಲ್ಲ, ನಾನೂ ತೋರಿಸಿಲ್ಲ. 200 ಪುಟದ ಸಾದಾ ನೋಟ್‌ಬುಕ್ಕು. ರಟ್ಟಿನ ಮೇಲೆ ಮಾರ್ಕರಿನಲ್ಲಿ ‘ಇಲ್ಲ’ ಅಂತ ಬರೆದಿದ್ದೇನೆ. ಬಂದವರು ಏನಾದರೂ ಕೇಳಿ, ನಾನು ‘ಇಲ್ಲ’ ಅನ್ನಬೇಕಾಗಿ ಬಂದಾಗಲೆಲ್ಲ ಅದರಲ್ಲಿ ಒಂದು ಸಾಲು.

ಒಂದು ಪುಟ ಇಲ್ಲಿ ಬಿಚ್ಚಿಡುತ್ತೇನೆ. ನವೋದಯ ಪ್ರವೇಶ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ, ಇಲ್ಲ. ತೆಂಗಿನ ಕಪ್ಪುತಲೆ ಹುಳುವಿಗೆ ಏನು ಮಾಡಬೇಕು ಅನ್ನುವ ಪುಸ್ತಕ, ಇಲ್ಲ. ದೊಡ್ಡ ಅಕ್ಷರದ ರಾಮಾಯಣ, ಇಲ್ಲ. ಮತ್ತೆ ನವೋದಯ, ಇಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಪಾಟಿನ ಸುತ್ತ ಮೂರು ಸಲ ತಿರುಗಿ, ಕೊನೆಗೆ ಹತ್ತಿರ ಬಂದು ಪಿಸುಗುಟ್ಟಿ ಕೇಳಿದ್ದು ಮುಟ್ಟಿನ ವಿಚಾರದ ಪುಸ್ತಕ, ಇಲ್ಲ. ಲ್ಯಾಪ್‌ಟಾಪಿಗೆ ಪ್ಲಗ್ಗು, ಇದೆ ಆದರೆ ಕರೆಂಟ್ ಬರಲ್ಲ. ಶೌಚಾಲಯ, ಇಲ್ಲ. ಮತ್ತೆ ನವೋದಯ.

ನೀವು ಬರೆಯುವ ಯೋಜನೆಗಳೆಲ್ಲ ಮೊದಲ ಐದು ರಿಜಿಸ್ಟರಿನ ಲೆಕ್ಕದ ಮೇಲೆ ನಿಂತಿರುತ್ತವೆ. ಎಷ್ಟು ಪುಸ್ತಕ, ಎಷ್ಟು ಸದಸ್ಯರು, ದಿನಕ್ಕೆ ಎಷ್ಟು ಸಹಿ. ಈ ಐದರಲ್ಲಿ ಇರುವುದು ಬಂದವರ ಲೆಕ್ಕ. ಬಾಗಿಲಿನವರೆಗೆ ಬಂದು ತಿರುಗಿ ಹೋದವರ ಲೆಕ್ಕ ನನ್ನ ಆರನೇ ನೋಟ್‌ಬುಕ್ಕಿನಲ್ಲಿದೆ, ಇನ್ನುಳಿದದ್ದು ನನ್ನ ತಲೆಯಲ್ಲಿದೆ. ನನ್ನಂಥವರು ಈ ರಾಜ್ಯದಲ್ಲಿ 5,500ಕ್ಕೂ ಹೆಚ್ಚು ಜನ ಇದ್ದೇವೆ. ಯೋಜನೆ ಬರೆಯುವ ಮೇಜಿನ ಸುತ್ತ ನಮಗೂ ಒಂದು ಕುರ್ಚಿ ಹಾಕಿ ಅಂತ ಕೇಳುವುದಕ್ಕೇ ಈ ಪತ್ರ.

ಮೊದಲು ಋಣ ಹೇಳಿಬಿಡುತ್ತೇನೆ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆಯಿತು. ಆ ವರ್ಷ ನಮ್ಮ ಜಗಲಿ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಹೊರಗೆ ಚಪ್ಪಲಿ ರಾಶಿ, ಒಳಗೆ ಮಕ್ಕಳ ರಾಶಿ. ಆಮೇಲೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, 2023ರಲ್ಲಿ ‘ಅರಿವು ಕೇಂದ್ರ’ ಅನ್ನುವ ಹೊಸ ಬೋರ್ಡೂ ಬಂತು. ಹಳೇ ಕಾಲದಲ್ಲಿ ನಮ್ಮ ಗ್ರಂಥಾಲಯ ಅಂದರೆ ನಾಲ್ಕು ಮುರುಕು ಕುರ್ಚಿ, ಒಂದು ಟೇಬಲ್ಲು, ತುಕ್ಕು ಹಿಡಿದ ಬೀರು. ಅಲ್ಲಿಂದ ಇಲ್ಲಿಗೆ ತಂದವರು ಮೇಲಿನವರೇ, ಇಲ್ಲ ಅನ್ನಲಾರೆ. ಆದರೆ ಬಣ್ಣ ಬಳಿಯಲು ಆದೇಶ ಸಾಕು, ಓದುಗರನ್ನು ಕರೆದು ಕೂರಿಸಲು ಅದೊಂದೇ ಸಾಲದು ಅನ್ನುವುದನ್ನು ಈ ಐದಾರು ವರ್ಷದಲ್ಲಿ ನಾನು ದಿನಾ ನೋಡಿದ್ದೇನೆ.

ಒಂದು ಉದಾಹರಣೆ ವಿವರವಾಗಿಯೇ ಹೇಳಬೇಕು.

ಕೆಲವು ವರ್ಷದ ಹಿಂದೆ ನಮಗೆ ಒಂದು ಗುರಿ ಬಂತು. ಮಹಿಳಾ ಓದುಗರ ಸಂಖ್ಯೆ ಹೆಚ್ಚಿಸಬೇಕು. ಸರಿಯಾದ ಗುರಿಯೇ. ನನ್ನ ಸಹಿ ರಿಜಿಸ್ಟರಿನಲ್ಲಿ ಹೆಂಗಸರ ಹೆಸರು ತಿಂಗಳಿಗೆ ಎರಡೋ ಮೂರೋ, ಅದರಲ್ಲಿ ಒಂದು ಅಂಗನವಾಡಿ ಟೀಚರದ್ದು. ಗುರಿಯ ಜೊತೆ ದಾರಿಯನ್ನೂ ಹೇಳಿದ್ದರು. ಸಂಜೆ ಐದು ಗಂಟೆಗೆ ಮಹಿಳೆಯರ ಓದಿನ ಕಾರ್ಯಕ್ರಮ ಮಾಡಿ, ಫೋಟೊ ತೆಗೆದು ಗ್ರೂಪಿಗೆ ಹಾಕಿ ಅಂತ.

ನಮ್ಮೂರಲ್ಲಿ ಸಂಜೆ ಐದು ಗಂಟೆ ಅಂದರೆ ಏನು ಅಂತ ಯಾರಾದರೂ ನನ್ನನ್ನು ಕೇಳಿದ್ದರೆ ಒಂದೇ ಮಾತಲ್ಲಿ ಹೇಳುತ್ತಿದ್ದೆ. ಹಸು ಕರೆಯುವ ಹೊತ್ತು. ನಾಲ್ಕಕ್ಕೆ ಮೇವು ಹಾಕಬೇಕು, ಐದಕ್ಕೆ ಕೆಚ್ಚಲು ತೊಳೆದು ಕೂರಬೇಕು, ಐದೂವರೆಗೆ ಕ್ಯಾನು ಹಿಡಿದು ಡೇರಿ ಮುಂದೆ ಸಾಲು ನಿಲ್ಲಬೇಕು. ಮನೆ ನಡೆಯುವುದು ಆ ಹಾಲಿನ ದುಡ್ಡಿನಲ್ಲಿ. ಪುಸ್ತಕ ಓದೋಕೆ ಬನ್ನಿ ಅಂತ ಆ ಹೊತ್ತಲ್ಲಿ ಕರೆಯಲು ನನಗೇ ನಾಚಿಕೆ ಆಯಿತು. ಆದರೂ ಕರೆದೆ. ಸ್ವಸಹಾಯ ಸಂಘದವರು ಆರು ಜನ ಬಂದರು, ಫೋಟೊ ಆಯಿತು, ಹತ್ತು ನಿಮಿಷದಲ್ಲಿ ಎದ್ದು ಓಡಿದರು. ಗುರಿ ಮುಟ್ಟಿತು ಅಂತ ಗ್ರೂಪಿನಲ್ಲಿ ಹೆಬ್ಬೆಟ್ಟುಗಳು ಬಂದವು.

ಅವರಿಗೆ ಬಿಡುವು ಇರುವುದು ಮಧ್ಯಾಹ್ನ ಎರಡರಿಂದ ಮೂರೂವರೆ. ಉಂಡ ಪಾತ್ರೆ ತೊಳೆದಾದ ಮೇಲೆ, ಮೇವು ಹಾಕುವುದಕ್ಕಿಂತ ಮುಂಚೆ. ಆಗಿನ ವೇಳಾಪಟ್ಟಿ ಪ್ರಕಾರ ಸರಿಯಾಗಿ ಆ ಹೊತ್ತಿಗೇ ನಾನು ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಕಿತ್ತು. ಒಂದು ಬೇಸಿಗೆಯಲ್ಲಿ, ಯಾರಿಗೂ ಹೇಳದೆ, ನಾನು ಹಾಗೆ ಹೋಗುವುದನ್ನು ಬಿಟ್ಟೆ. ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿ ಕೂತೆ. ಮೊದಲು ಬಂದವರು ಓದಲು ಬಂದವರಲ್ಲ, ಗಾಳಿಗೆ ಬಂದವರು.

ಮೂರನೇ ದಿನ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಬೆರಳಗಲ ಆಗಿದ್ದ ಒಂದು ಚೀಟಿ ತೆಗೆದರು. ‘ನೋಡವ್ವ, ಇದ್ರಾಗೆ ಫ್ಯಾಟು ಎಷ್ಟು ಬಂದೈತೆ? ಹಸ ಅದೇ, ಮೇವು ಅದೇ, ದುಡ್ಡು ಮಾತ್ರ ಕಮ್ಮಿ ಬತ್ತಾ ಐತೆ.’ ಡೇರಿಯವರು ಕೊಡುವ ಹಾಲಿನ ಚೀಟಿ. ಲೀಟರ್, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ, ಮೊತ್ತ. ಓದಿ ಹೇಳಿದೆ. ಮಾರನೇ ದಿನ ಮತ್ತೆ ತಂದರು. ವಾರ ಕಳೆಯುವ ಹೊತ್ತಿಗೆ ಎಂಟು ಜನ ಚೀಟಿ ಹಿಡಿದು ಬರುತ್ತಿದ್ದರು. ನಾನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಆ ಐದು ಖಾನೆ ಬರೆದು ತೂಗುಹಾಕಿದೆ. ಅಂಕಿ ಗುರುತು ಹಿಡಿಯುವುದನ್ನು ಕಲಿತರು, ಆಮೇಲೆ ಅಕ್ಷರ. ಅಜ್ಜಿ ಈಗ ಫ್ಯಾಟ್ ತಾವೇ ಓದಿಕೊಳ್ಳುತ್ತಾರೆ. ಡೇರಿಯಲ್ಲಿ ನಿಂತು ‘ನಿನ್ನೆ ನಾಕೂವರೆ, ಇವತ್ತು ಮೂರೂ ಎಂಟು ಯಾಕಪ್ಪ’ ಅಂತ ಕೇಳಿದರಂತೆ. ಅದಕ್ಕೇನು ಉತ್ತರ ಬಂತು ಅನ್ನುವುದು ಬೇರೆ ಕಥೆ.

ಈ ಎಂಟು ಜನರನ್ನು ನಾನು ಯಾವ ರಿಜಿಸ್ಟರಿನಲ್ಲಿ ಬರೆಯಲಿ? ಅವರು ಪುಸ್ತಕ ತೆಗೆದುಕೊಂಡಿಲ್ಲ. ಸದಸ್ಯರಲ್ಲ. ಸಹಿ ರಿಜಿಸ್ಟರಿನಲ್ಲಿ ಹೆಬ್ಬೆಟ್ಟಿಗೆ ಜಾಗ ಇಲ್ಲ. ಬಂದದ್ದು ವೇಳಾಪಟ್ಟಿಯ ಹೊರಗೆ. ನಿಮ್ಮ ಲೆಕ್ಕದಲ್ಲಿ ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ನಮ್ಮ ಗ್ರಂಥಾಲಯ ಮುಚ್ಚಿತ್ತು. ನನ್ನ ಲೆಕ್ಕದಲ್ಲಿ ನಮ್ಮ ಗ್ರಂಥಾಲಯ ಆ ವರ್ಷ ನಡೆಸಿದ ಅತ್ಯುತ್ತಮ ಕೆಲಸವೇ ಅದು.

ಎಲ್ಲ ಊರಿಗೂ ಮಧ್ಯಾಹ್ನವೇ ಸರಿ ಅಂತ ನಾನು ಹೇಳುತ್ತಿಲ್ಲ. ಹೂವು ಬೆಳೆಯುವ ಊರಿನ ಹೊತ್ತು ಬೇರೆ, ಗಾರ್ಮೆಂಟ್ಸ್ ಬಸ್ಸು ಹೋಗುವ ಊರಿನ ಹೊತ್ತು ಬೇರೆ. ಪಕ್ಕದ ಪಂಚಾಯಿತಿಯ ನನ್ನ ಗೆಳತಿ ಹೇಳುವ ಪ್ರಕಾರ ಅವರಲ್ಲಿ ಗಂಡಸರಿಗೆ ಬೆಳಿಗ್ಗೆ ಏಳು ಗಂಟೆಗೆ ಪೇಪರ್ ಬೇಕು. ಹತ್ತಕ್ಕೆ ತೆರೆದರೆ ಅಷ್ಟರಲ್ಲಿ ಟೀ ಅಂಗಡಿಯಲ್ಲಿ ಓದಿ, ಚರ್ಚೆಯೂ ಮುಗಿದು, ಅದೇ ಪೇಪರಿನಲ್ಲಿ ಬೋಂಡ ಕಟ್ಟಿ ಆಗಿರುತ್ತೆ. ಇದು ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗಲು ಸಾಧ್ಯವಿಲ್ಲ, ಗೊತ್ತಾಗದಿರುವುದು ತಪ್ಪೂ ಅಲ್ಲ. ಗೊತ್ತಿರುವವರನ್ನು ಕೇಳದಿರುವುದು ತಪ್ಪು.

ಪುಸ್ತಕಗಳ ವಿಚಾರಕ್ಕೆ ಬರುತ್ತೇನೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಒಂದೊಂದು ಶೀರ್ಷಿಕೆಯ 300 ಪ್ರತಿ ಕೊಳ್ಳುವ ಪದ್ಧತಿ ಪ್ರಕಾಶಕರಿಗೆಲ್ಲ ಗೊತ್ತಿರುವುದೇ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಿಂದ ಬರುವುದು ಇನ್ನೊಂದು ದಾರಿ. ದಾನಿಗಳು ಕೊಡುವುದು ಮತ್ತೊಂದು. ಯಾವ ದಾರಿಯಿಂದ ಬಂದರೂ ನನ್ನ ಬಾಗಿಲಿಗೆ ಬರುವಾಗ ಅದು ಕಟ್ಟಿದ ಗಂಟು. ಒಳಗೇನಿದೆ ಅಂತ ದಾರ ಕತ್ತರಿಸಿದ ಮೇಲೇ ಗೊತ್ತಾಗುವುದು. ಒಂದು ಸಲ ಬಂದ ಗಂಟಿನಲ್ಲಿ ಮೀನು ಸಾಕಣೆಯ ಪುಸ್ತಕ ಮೂರು ಪ್ರತಿ ಇದ್ದವು. ಆ ವರ್ಷ ನಮ್ಮ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಪುಸ್ತಕ ಚೆನ್ನಾಗಿಯೇ ಇತ್ತು, ಆಮೇಲೆ ಕೆರೆ ತುಂಬಿದಾಗ ಒಬ್ಬರು ತೆಗೆದುಕೊಂಡು ಹೋದರು ಕೂಡ, ಹಾಗಾಗಿ ಪೂರ್ತಿ ದೂರುವಂತೆಯೂ ಇಲ್ಲ. ಆದರೆ ಆ ಮೂರರಲ್ಲಿ ಎರಡರ ಬದಲು ಎರಡು ನವೋದಯ ಗೈಡ್ ಬಂದಿದ್ದರೆ, ನನ್ನ ‘ಇಲ್ಲ’ ಪುಸ್ತಕದ ಒಂದು ಪುಟ ಖಾಲಿ ಉಳಿಯುತ್ತಿತ್ತು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಹುಡುಗಿಯರು ಹನ್ನೊಂದು ಜನ ನಮ್ಮಲ್ಲಿ ಖಾಯಂ ಕೂರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಯಾವುದು ಕರೆದರೂ ಅದು. ಇವರಿಗೆ ಬೇಕಾದದ್ದು ದೊಡ್ಡ ಪುಸ್ತಕ ಭಂಡಾರವಲ್ಲ. ಆಯಾ ತಿಂಗಳ ಪ್ರಚಲಿತ ವಿದ್ಯಮಾನದ ಮ್ಯಾಗಜೀನು ಆಯಾ ತಿಂಗಳೇ ಕೈಗೆ ಸಿಗುವುದು, ಬೆನ್ನು ನೋಯದ ಕುರ್ಚಿ, ಮತ್ತು ಮಕ್ಕಳ ಗಲಾಟೆ ಕೇಳಿಸದ ಒಂದು ಮೂಲೆ. ಇರುವುದು ಒಂದೇ ಕೋಣೆ. ಮಕ್ಕಳಿಗೆ ಕೇರಂ ಕೊಟ್ಟವರೂ ಸರಿ, ಸ್ಪರ್ಧಾರ್ಥಿಗಳಿಗೆ ಪುಸ್ತಕ ಕೊಟ್ಟವರೂ ಸರಿ. ಎರಡೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಲ್ಲಿ ನಡೆಯಬೇಕು ಅನ್ನುವುದು ಮಾತ್ರ ಎರಡೂ ಯೋಜನೆಗಳನ್ನು ಬರೆದವರಿಗೆ ಹೊಳೆದಿಲ್ಲ. ನಾನು ಮಾಡಿಕೊಂಡ ಪರಿಹಾರ ಇಷ್ಟೇ. ಕೇರಂ ಬೋರ್ಡು ಜಗಲಿಗೆ. ಮಳೆ ಬಂದರೆ ಒಳಗೆ, ಆಗ ದೊಡ್ಡವರೂ ಆಡುತ್ತಾರೆ.

ಕಳೆದುಹೋಗುವ ಪುಸ್ತಕಗಳ ಮಾತು ಎತ್ತದೆ ಇರಲಾರೆ, ಯಾಕೆಂದರೆ ಇದು ನಮ್ಮೆಲ್ಲರ ಹೊಟ್ಟೆಯೊಳಗಿನ ಭಯ. ಪುಸ್ತಕ ಕಮ್ಮಿ ಬಂದರೆ ನಿನ್ನ ಸಂಬಳದಲ್ಲಿ ಹಿಡಿಯುತ್ತೇವೆ ಅನ್ನುವ ಮಾತು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದು, ಇನ್ನೂ ಕಿವಿಯಲ್ಲಿದೆ. ಪರಿಣಾಮ ಏನು ಗೊತ್ತಾ? ಒಳ್ಳೊಳ್ಳೆಯ ಪುಸ್ತಕಗಳಿಗೇ ಬೀಗ. ಬಣ್ಣಬಣ್ಣದ ಮಕ್ಕಳ ಪುಸ್ತಕ, ದಪ್ಪ ನಿಘಂಟು, ಬೆಲೆಬಾಳುವ ಸ್ಪರ್ಧಾತ್ಮಕ ಪುಸ್ತಕ ಎಲ್ಲ ಗಾಜಿನ ಬೀರುವಿನಲ್ಲಿ, ಕೀಲಿ ನನ್ನ ಪರ್ಸಿನಲ್ಲಿ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಎರಡು ವರ್ಷ ನಾನೂ ಹಾಗೇ ಮಾಡಿದೆ, ಹೇಳಿಕೊಳ್ಳಲು ಸಂಕೋಚವಾಗುತ್ತೆ. ಪುಸ್ತಕ ಇರುವುದು ಬಳಕೆಗೆ ಅನ್ನುವುದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಬರೆದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು. ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸಿನಲ್ಲಿ ಅದನ್ನು ಬಾಯಿಪಾಠ ಮಾಡಿ ಬರೆದು ಪಾಸಾದವಳೇ ನಾನು. ಅವರ ಹುಟ್ಟುಹಬ್ಬ ಅಂತ ಪ್ರತಿ ಆಗಸ್ಟ್ 12ಕ್ಕೆ ಫೋಟೊಗೆ ಹಾರ ಹಾಕುತ್ತೇವೆ. ಹಾರ ಹಾಕುವ ಮೊಳೆಯ ಪಕ್ಕದಲ್ಲೇ ಬೀಗದ ಬೀರು.

ಈ ಭಯಕ್ಕೆ ಮದ್ದು ಸರ್ಕಾರದ ಕಾಗದದಲ್ಲೇ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ನೋಡಿ. ವರ್ಷದಲ್ಲಿ ಎರವಲು ಹೋದ, ಓದಿಗೆ ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದನ್ನು ಸಹಜ ಅಂತ ಒಪ್ಪಬಹುದು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣ ಆಗಿರಬಾರದು ಅಷ್ಟೇ. 1,000 ರೂಪಾಯಿಗಿಂತ ಹೆಚ್ಚು ಬೆಲೆಯದು, ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಅದು ಕೇಂದ್ರದ ಕಚೇರಿಗಳಿಗೆ ಬರೆದ ನಿಯಮ, ನಮಗೆ ನೇರವಾಗಿ ಅಲ್ಲ. ಆದರೆ ಇದೇ ಮಾತನ್ನು ನಮ್ಮ ಹಳ್ಳಿ ಗ್ರಂಥಾಲಯಗಳಿಗೂ ಒಂದು ಸುತ್ತೋಲೆಯಲ್ಲಿ ಬರೆದು ಕೈಗೆ ಕೊಟ್ಟರೆ, ಮಾರನೇ ದಿನವೇ ರಾಜ್ಯದಲ್ಲಿ ಎಷ್ಟು ಬೀರುಗಳ ಬೀಗ ಬಿಚ್ಚುತ್ತದೆ ನೋಡಿ. ಒಂದು ರೂಪಾಯಿ ಖರ್ಚಿಲ್ಲದ ಓದುಗ ಸೇವೆ ಇದು. ಯಾವ ಯೋಜನೆಯಲ್ಲೂ ಇದು ಬಂದಿಲ್ಲ ಯಾಕೆ ಅಂದರೆ, ಬೀಗ ಹಾಕುವವರು ಯಾಕೆ ಹಾಕುತ್ತಾರೆ ಅಂತ ಯಾರೂ ಕೇಳಿಲ್ಲ.

ಕೇಳುವುದಕ್ಕೆ ಸಭೆಗಳು ಆಗುತ್ತವಲ್ಲ ಅನ್ನಬಹುದು. ಆಗುತ್ತವೆ. ನಾನು ಹೋಗಿದ್ದ ಒಂದು ಸಭೆಯ ಬಗ್ಗೆ ಹೇಳುತ್ತೇನೆ, ಎಲ್ಲಿ ಅನ್ನುವುದು ಬೇಡ. ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಹೋದೆವು. ಹಿಂದಿನ ಸಾಲಿನಲ್ಲಿ ಕೂತೆವು. ಪರದೆ ಮೇಲೆ ಇಂಗ್ಲಿಷಿನಲ್ಲಿ ಮುಂದಿನ ಮೂರು ವರ್ಷದ ಯೋಜನೆ. ಬಾಣದ ಗುರುತುಗಳು, ವೃತ್ತಗಳು, ಅಂಕಿಗಳು. ಎರಡು ಗಂಟೆ ಚೆನ್ನಾಗಿಯೇ ಮಾತಾಡಿದರು. ಕೊನೆಗೆ ‘ಏನಾದರೂ ಡೌಟ್ಸ್?’ ಅಂದರು. ಅಷ್ಟರಲ್ಲಿ ಟೀ ಬಂತು. ಒಬ್ಬರು ಎದ್ದು ಶೌಚಾಲಯದ ವಿಚಾರ ಎತ್ತಿದರು, ‘ಅದು ಇವತ್ತಿನ ವಿಷಯ ಅಲ್ಲಮ್ಮ’ ಅಂದರು. ಓದುಗ ಸೇವೆ ಇವತ್ತಿನ ವಿಷಯ. ಶೌಚಾಲಯ ಇಲ್ಲದ ಕಡೆ ಹುಡುಗಿಯರು ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೂತು ಓದುವುದಿಲ್ಲ ಅನ್ನುವುದು ಓದುಗ ಸೇವೆಯ ವಿಷಯವೋ ಅಲ್ಲವೋ, ಆ ಮಾತು ಟೀ ಜೊತೆ ಮುಗಿಯಿತು. ಸಿದ್ಧವಾದ ಯೋಜನೆಗೆ ಕೊನೆಯಲ್ಲಿ ಡೌಟು ಕೇಳುವುದಕ್ಕೂ, ಖಾಲಿ ಹಾಳೆಯ ಮುಂದೆ ಜೊತೆಗೆ ಕೂರುವುದಕ್ಕೂ ಇರುವ ದೂರ ದೊಡ್ಡದು.

ಈಗ ನನ್ನ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಚಾಡಿ ಆಗುತ್ತೆ. ಹೋದ ವರ್ಷ ನಾನೇ ಒಂದು ಯೋಜನೆ ಮಾಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ. ಚಾರ್ಟು ಬರೆದೆ, ಶಾಲೆಯಲ್ಲಿ ಹೇಳಿಸಿದೆ, ಸ್ವಂತ ದುಡ್ಡಿನಲ್ಲಿ ಚಿಕ್ಕಿ ತಂದೆ. ಮೊದಲ ವಾರ ಹದಿನಾರು ಮಕ್ಕಳು, ಎರಡನೇ ವಾರ ಐದು, ಮೂರನೇ ವಾರ ನಾನು ಮತ್ತು ಚಿಕ್ಕಿ. ಕೋಪ ಬಂತು. ಸೋಮವಾರ ಒಬ್ಬ ಹುಡುಗನನ್ನು ಹಿಡಿದು ಕೇಳಿದರೆ, ‘ಅಕ್ಕ, ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿ ಮುಂದೆ ಕ್ಯೂ ನಿಲ್ಲೋದು ನಮ್ಮ ಡ್ಯೂಟಿ ಅಲ್ವಾ’ ಅಂದ. ಆಮೇಲೆ ಮ್ಯಾಚು. ಅವರನ್ನೇ ಕೂರಿಸಿಕೊಂಡು ಕೇಳಿದೆ. ಶನಿವಾರ, ಶಾಲೆ ಬಿಟ್ಟ ಮೇಲೆ, ತೋಟದ ಮನೆಗಳ ಕಡೆ ಹೋಗುವ ಬಸ್ಸು ಬರುವತನಕ ಅಂತ ಅವರೇ ಗೊತ್ತುಮಾಡಿದರು. ಆ ಬಸ್ಸಿಗಾಗಿ ಹೇಗೂ ಮುಕ್ಕಾಲು ಗಂಟೆ ಕಾಯುತ್ತಾರೆ. ಇನ್ನೂ ನಡೆಯುತ್ತಿದೆ. ಬಸ್ಸು ತಡವಾದ ದಿನ ಎರಡು ಕಥೆ. ನೀವು ನನಗೆ ಮಾಡಿದ್ದನ್ನೇ ನಾನು ಆ ಮಕ್ಕಳಿಗೆ ಮಾಡಿದ್ದೆ ಅಂತ ಆಗ ಗೊತ್ತಾಯಿತು. ಈ ಪತ್ರದ ಧೈರ್ಯ ಬಂದದ್ದೂ ಅಲ್ಲಿಂದಲೇ.

ಕಾನೂನು ಏನು ಹೇಳುತ್ತೆ ಅಂತ ನಮ್ಮ ಪಂಚಾಯಿತಿ ಸದಸ್ಯರೊಬ್ಬರು ಕೇಳಿದರು. ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಬಂದ ಹನ್ನೊಂದನೇ ಅನುಸೂಚಿ ತೆಗೆದರೆ ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿಯಿದೆ. 20ನೆಯದು ಗ್ರಂಥಾಲಯ. ಅದರ ಹಿಂದಿನದು, 19ನೆಯದು, ವಯಸ್ಕರ ಶಿಕ್ಷಣ. ಡೇರಿ ಚೀಟಿಯ ಅಜ್ಜಿ ಈ ಎರಡರ ನಡುವೆ ನಿಂತಿದ್ದಾರೆ. ಇನ್ನು ದುಡ್ಡು. ನಮ್ಮ ಮನೆ ಕಂದಾಯದ ರಸೀದಿ ನೋಡಿ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ನೂರು ರೂಪಾಯಿ ಕಂದಾಯ ಕಟ್ಟುವ ಮನೆಯವರು ಆರು ರೂಪಾಯಿ ಗ್ರಂಥಾಲಯಕ್ಕೆ ಕೊಡುತ್ತಿದ್ದಾರೆ. ನಮ್ಮೂರಲ್ಲಿ ಹತ್ತು ಜನರನ್ನು ಕೇಳಿದೆ, ಒಂಬತ್ತು ಜನಕ್ಕೆ ಗೊತ್ತಿರಲಿಲ್ಲ. ಹತ್ತನೆಯವರು ಬಿಲ್ ಕಲೆಕ್ಟರ್.

ಪಂಚಾಯಿತಿಯ ಅಭಿವೃದ್ಧಿ ಯೋಜನೆ ‘ನಮ್ಮ ಗ್ರಾಮ ನಮ್ಮ ಯೋಜನೆ’ಯನ್ನು ಪ್ರತಿ ವರ್ಷ ಬರೆಯುತ್ತಾರೆ. ಚರಂಡಿ, ಸಿಸಿ ರಸ್ತೆ, ಬೀದಿ ದೀಪ ಎಲ್ಲ ಬರುತ್ತವೆ, ಬರಲೇಬೇಕು. ಗ್ರಂಥಾಲಯದ ಸಾಲಿನಲ್ಲಿ ಹೋದ ವರ್ಷದ್ದನ್ನೇ ನಕಲು ಮಾಡಿರುವುದನ್ನು ನಾನು ನೋಡಿದ್ದೇನೆ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಲೈಬ್ರರಿಗೆ ದೊಡ್ಡ ಕೋಣೆ ಬೇಕು ಅಂದರು, ಚಪ್ಪಾಳೆ ಬಿತ್ತು, ನಡಾವಳಿಯಲ್ಲೂ ಬರೆದರು. ಮುಂದಿನ ಯೋಜನೆಯಲ್ಲಿ ಆ ಸಾಲು ಬರಲಿಲ್ಲ. ತಡೆದವರು ಯಾರೂ ಇಲ್ಲ. ನಡಾವಳಿಯಿಂದ ಯೋಜನೆಯ ಪುಟಕ್ಕೆ ಅದನ್ನು ಹೊತ್ತುಕೊಂಡು ಹೋಗುವವರು ಯಾರೂ ಇರಲಿಲ್ಲ ಅಷ್ಟೇ. ನಾನು ಆ ಸಭೆಗೆ ಕುರ್ಚಿ ಜೋಡಿಸಿದ್ದೆ, ಯೋಜನಾ ಸಭೆಗೆ ನನ್ನನ್ನು ಕರೆದಿರಲಿಲ್ಲ.

ಕೇರಳದ ಮಾತು ಎತ್ತಿದರೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತೆ, ಆದರೂ ಎತ್ತುತ್ತೇನೆ. ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ ಹಳ್ಳಿ ಹಳ್ಳಿಯ ಗ್ರಂಥಾಲಯಗಳನ್ನು ಒಂದು ಸಂಘಕ್ಕೆ ತಂದರು. ಅವರು ತೀರಿಹೋದ ಜೂನ್ 19 ಅಲ್ಲಿ ಓದಿನ ದಿನ. 1989ರ ಕಾನೂನಿನ ಪ್ರಕಾರ ಅಲ್ಲಿನ ಗ್ರಂಥಾಲಯ ಪರಿಷತ್ತಿಗೆ ಸದಸ್ಯ ಗ್ರಂಥಾಲಯಗಳಿಂದಲೇ ಆಯ್ಕೆಯಾಗಿ, ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯದವರೆಗೂ ಜನ ಹೋಗುತ್ತಾರೆ. ಅಲ್ಲೆಲ್ಲ ಬೆಣ್ಣೆ ಸುರಿಯುತ್ತಿದೆ ಅಂತಲ್ಲ. ರಾಜಕೀಯ ಅಲ್ಲೂ ಇದೆ. ಆದರೆ ಕೆಳಗಿನ ಮಾತು ಮೇಲೆ ಹೋಗಲು ಒಂದು ಏಣಿ ಇದೆ. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಹುಟ್ಟಿದಾಗ ದೇಶದಲ್ಲಿ ಅಂಥ ಕಾನೂನು ಇದ್ದ ರಾಜ್ಯಗಳು ಕೆಲವೇ. ಮುಂದೆ ಇದ್ದವರು ನಾವು. ರಂಗನಾಥನ್ ಅವರು ಕೊನೆಯ ವರ್ಷಗಳನ್ನು ಕಳೆದದ್ದೂ ಬೆಂಗಳೂರಿನಲ್ಲೇ, 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಗೆ ಡಿಆರ್‌ಟಿಸಿ ಅನ್ನುವ ಕೇಂದ್ರ ಕಟ್ಟಿದ್ದೂ ಅಲ್ಲೇ.

ನಾನು ಕೇಳುವುದು ದೊಡ್ಡದೇನಲ್ಲ. 5,500 ಜನರನ್ನು ಒಂದೇ ಹಾಲ್‌ನಲ್ಲಿ ಕೂರಿಸಿ ಅನ್ನುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಗ್ರಂಥಾಲಯಗಳು 30ರ ಆಸುಪಾಸು. ವರ್ಷಕ್ಕೆ ಎರಡು ಸಲ, ಯೋಜನೆ ಬರೆಯುವುದಕ್ಕೆ ಮುಂಚೆ, ನಾವಷ್ಟೂ ಜನ ಒಂದು ದಿನ ಕೂರಲು ಬಿಡಿ. ಪರದೆ ಬೇಡ, ಭಾಷಣ ಬೇಡ. ಒಬ್ಬೊಬ್ಬರೂ ತಮ್ಮ ‘ಇಲ್ಲ’ಗಳನ್ನು ತರಲಿ. ಅಲ್ಲಿಂದ ಇಬ್ಬರನ್ನು ನಾವೇ ಆರಿಸಿ ಯೋಜನೆ ಬರೆಯುವ ಸಭೆಗೆ ಕಳಿಸುತ್ತೇವೆ. ಮೂಲೆಯಲ್ಲಿ ಕೂರಿಸುವುದಕ್ಕಲ್ಲ, ಅವರು ಹೇಳಿದ್ದು ನಡಾವಳಿಯಲ್ಲಿ ಬರಬೇಕು. ಹೇಳಿದ್ದನ್ನು ಮಾಡಲು ಆಗದಿದ್ದರೆ ಯಾಕೆ ಆಗಲ್ಲ ಅಂತ ಒಂದು ಸಾಲು ಬರೆಯಬೇಕು. ‘ಅನುದಾನ ಇಲ್ಲ’ ಅಂದರೂ ಸಾಕು, ಅದನ್ನೇ ಓದುಗರಿಗೆ ಹೇಳುತ್ತೇವೆ. ಬಸ್ ಚಾರ್ಜು, ಊಟದ ಖರ್ಚು ಕೊಡಿ. ಹೋದ ದಿನವನ್ನು ರಜೆ ಅಂತ ಹಿಡಿಯಬೇಡಿ. ಇದು ಸಣ್ಣ ಮಾತು ಅನ್ನಿಸಬಹುದು, ನಮ್ಮ ಸಂಭಾವನೆಯಲ್ಲಿ ಅದು ಸಣ್ಣದಲ್ಲ. ಯೋಜನೆ ಅಂದರೆ ಇನ್ನೊಂದು ಬಿಟ್ಟಿ ಕೆಲಸ ಅಂತ ನನ್ನ ಸಹೋದ್ಯೋಗಿಗಳಲ್ಲಿ ಅರ್ಧ ಜನ ಈಗಲೇ ಹೆದರಿದ್ದಾರೆ. ‘ಸುಮ್ಮನೆ ಇರು, ಮಾತಾಡಿದವರ ತಲೆಗೇ ಕಟ್ಟುತ್ತಾರೆ’ ಅಂತ ಒಬ್ಬರು ನನಗೆ ಬುದ್ಧಿಯನ್ನೂ ಹೇಳಿದ್ದಾರೆ. ಅವರ ಭಯ ಸುಳ್ಳು ಅಂತ ನೀವೇ ತೋರಿಸಬೇಕು.

ಜೊತೆಗೆ, ಪುಸ್ತಕದ ದುಡ್ಡಿನಲ್ಲಿ ಒಂದು ಪಾಲು, ಮೂರರಲ್ಲಿ ಒಂದು ಅಂತಲೇ ಇಟ್ಟುಕೊಳ್ಳಿ, ಆಯಾ ಗ್ರಂಥಾಲಯದ ಪಟ್ಟಿಯ ಪ್ರಕಾರ ಕೊಳ್ಳುವಂತಾಗಲಿ. ತೆರೆಯುವ ಹೊತ್ತನ್ನು ಒಟ್ಟು ಗಂಟೆಗೆ ಕಟ್ಟಿ, ಗಡಿಯಾರದ ಮುಳ್ಳಿಗೆ ಕಟ್ಟಬೇಡಿ. ಎಂಟು ಗಂಟೆ ಅಂದರೆ ಎಂಟು ಗಂಟೆ ಕೂರುತ್ತೇವೆ, ಯಾವ ಎಂಟು ಅನ್ನುವುದು ಊರು ಹೇಳಲಿ, ಪಂಚಾಯಿತಿ ಒಪ್ಪಲಿ. ಕಳೆದ ಪುಸ್ತಕದ ಸುತ್ತೋಲೆಯ ವಿಚಾರ ಆಗಲೇ ಹೇಳಿದೆ.

ತಪಾಸಣೆಗೆ ಬರುವವರಲ್ಲಿ ಒಂದು ಬೇಡಿಕೆ. ಮಧ್ಯಾಹ್ನ ಮೂರು ಗಂಟೆಗೆ ಬನ್ನಿ. ಮುಂಚೆ ಫೋನ್ ಮಾಡಬೇಡಿ, ಮಾಡಿದರೆ ನಾನೂ ಎಲ್ಲರಂತೆ ಟೇಬಲ್ ಮೇಲೆ ಬಟ್ಟೆ ಹಾಸಿ ಕೂತಿರುತ್ತೇನೆ. ಆ ಹೊತ್ತಿಗೆ ಬಂದರೆ ಅಜ್ಜಿ ಸಿಗುತ್ತಾರೆ. ಕನ್ನಡಕ ತಂದಿದ್ದರೆ ಚೀಟಿ ಓದಿ ತೋರಿಸುತ್ತಾರೆ, ಮರೆತು ಬಂದಿದ್ದರೆ ನಿಮ್ಮ ಕೈಯಲ್ಲೇ ಓದಿಸುತ್ತಾರೆ.

‘ಇಲ್ಲ’ ಪುಸ್ತಕದ ಮೊದಲ 40 ಪುಟಗಳ ಜೆರಾಕ್ಸ್ ಮಾಡಿಸಿ ನಮ್ಮ ಪಂಚಾಯಿತಿ ಕಚೇರಿಗೆ ಕೊಟ್ಟಿದ್ದೇನೆ, ಸ್ವೀಕೃತಿಯ ಸಹಿಯನ್ನೂ ಹಾಕಿಸಿಕೊಂಡಿದ್ದೇನೆ. ಮೂಲ ಪ್ರತಿ ನನ್ನ ಬಳಿಯೇ ಇರಲಿ. ಇವತ್ತು ಇಬ್ಬರು ಬಂದು ಹೋದರು, ಇನ್ನೂ ಬರೆದಿಲ್ಲ.

ಇಂತಿ ತಮ್ಮ,
ಒಬ್ಬ ಗ್ರಂಥಾಲಯ ಮೇಲ್ವಿಚಾರಕಿ